ಕ್ಲಚ್ ಒತ್ತಿದರೆ ಶಬ್ದ

ಪೆರ್ಲದಲ್ಲಿ ಬಸ್ಸಿಗೆ ಕಾಯುತ್ತಿದ್ದ ದೀಪ್ತಿಗೆ ಪಕ್ಕದ ಗ್ಯಾರೇಜಿನ ಮಾತು ಕೇಳಿಸುತ್ತಿತ್ತು. ದುಬೈಯಿಂದ ರಜೆಗೆ ಬಂದ ಲತೀಶ್ ಹೆಂಡತಿಯನ್ನು ದೂರುತ್ತಿದ್ದ.

“ಇವಳು ಓಡಿಸಿಯೇ ಕಾರಿನ ಗೇರ್‌ಬಾಕ್ಸ್ ಹಾಳಾದ್ದು. ಇನ್ನು ಕೀ ಕೊಡುದಿಲ್ಲ.”

“ಮತ್ತೆ ಅತ್ತೆಯನ್ನು ಡಯಾಲಿಸಿಸಿಗೆ ಯಾರು ಕರಕೊಂಡು ಹೋಗುದು?” ಎಂದಳು ರಶ್ಮಿತಾ. “ಮೂರು ವರ್ಷ ಇಲ್ಲದ ಶಬ್ದ, ನೀವು ಬಂದ ಮೇಲೆ ಶುರುವಾದ್ದು.”

ಮೆಕ್ಯಾನಿಕ್ ಮಂಜಣ್ಣ ಕ್ಲಚ್ ಒತ್ತಿ ಕಿವಿಗೊಟ್ಟ. “ಒತ್ತಿದರೆ ಮಾತ್ರ ಕಿರ್ರ್ ಅಂತದೆ. ಗೇರ್‌ಬಾಕ್ಸಿಗೆ ಎಂತ ಆಗಲಿಲ್ಲ, ಕ್ಲಚ್ ಬೇರಿಂಗ್ ಸವೆದದ್ದು. ಯಾರೋ ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡೇ ಓಡಿಸುದು. ದುಬೈಯಲ್ಲಿ ನಿಮ್ಮದು ಎಂತ ಗಾಡಿ?”

“ಆಟೊಮ್ಯಾಟಿಕ್.”

“ಹಾಗೆ ಹೇಳಿ! ಅದರಲ್ಲಿ ಕ್ಲಚ್ಚೇ ಇಲ್ಲ, ಎಡಗಾಲಿಗೆ ಕೆಲಸ ಇಲ್ಲ. ಇಲ್ಲಿ ಅದಕ್ಕೆ ಮಲಗಲಿಕ್ಕೆ ಕ್ಲಚ್ ಸಿಕ್ಕಿತು ಮಾರಾಯ್ರೆ. ಬೇರಿಂಗ್ ನಾಳೆ ಬರ್ತದೆ. ಅಷ್ಟರವರೆಗೆ ಇವರೇ ಓಡಿಸಲಿ.”

ರಶ್ಮಿತಾ ಕೈ ಚಾಚಿದಳು. ಲತೀಶ್ ಕೀ ಕೊಟ್ಟು, ಕಾರಿಗೆ ಸುತ್ತು ಬಂದು, ಪಕ್ಕದ ಸೀಟಿನಲ್ಲಿ ಕೂತ.