ಹಳೆಯ ಲ್ಯಾಪ್‌ಟಾಪನ್ನು ಅಳಿಸಿದವರು

ಕಂಪ್ಯೂಟರ್ ರಿಪೇರಿ ಅಂಗಡಿ ತೆರೆಯುವ ಮುನ್ನವೇ ಒಬ್ಬಾಕೆ ಗಾಜಿನ ಬಾಗಿಲು ಬಡಿಯುತ್ತಿದ್ದಳು. ಪಕ್ಕದಲ್ಲಿ ಹಳೆಯ ಲ್ಯಾಪ್‌ಟಾಪ್ ಹಿಡಿದ ಅವಳ ತಮ್ಮ. ಅವರ ಹಿಂದೆ, ಸಾಲಿನಲ್ಲಿ ನಾನು.

"ಬಾಗಿಲು ಒಡೀಬೇಡಕ್ಕ. ಹೊಸ ಕಂಪ್ಯೂಟರಿಗೆ ಎಲ್ಲಾ ಹಾಕಿದೀನಲ್ಲ."

"ಹಾಕಿದ್ದು ಬರೀ ಶಾರ್ಟ್‌ಕಟ್ಟು, ಮಹರಾಯ. ಮನೆ ಅಲ್ಲೇ ಬಿಟ್ಟು ಬಾಗಿಲ ಬೋರ್ಡು ಕಿತ್ಕೊಂಡು ಬಂದಿದೀಯ. ನಾಳೆ ಥೀಸಿಸ್ ಕೊಡದಿದ್ರೆ ನನ್ನ ಇಷ್ಟು ವರ್ಷದ ಓದು ಮಣ್ಣುಪಾಲು."

"ಹಳೇದರಲ್ಲಿ ಇದ್ದೇ ಇರುತ್ತೆ. ಮತ್ತೆ ಕಾಪಿ ಮಾಡಿಸಿದರಾಯ್ತು."

"ಇಲ್ಲ ಕಣೋ. ಅದನ್ನ ಪೂರ್ತಿ ಅಳಿಸಿ ಆಗಿದೆ."

"ಅಳಿಸಿದ್ದು ಯಾರು? ನಮ್ಮ ಭಾವನೇನಾ?"

"ಪಾಪ, ಅವರಿಗೆ ಆನ್ ಮಾಡೋಕೂ ಬರಲ್ಲ."

"ಮತ್ಯಾರು?"

ಬಾಗಿಲು ತೆರೆಯಿತು. ಒಳಗೆ ಹೆಜ್ಜೆಯಿಡುತ್ತಾ, ಹಿಂದಿರುಗಿ ನೋಡದೆ ಅವಳು ಹೇಳಿದಳು:

"ನಾನೇ. ಎಲ್ಲಾ ಬಂತು ಅಂದ ನಿನ್ನ ಮಾತು ನಂಬಿ, ನಿನ್ನ ಮಗಳಿಗೆ ಕೊಡೋಣ ಅಂತ."