ಉಳಿದ ಕರಿ ಹೇಂಟೆ

ಹಿಟ್ಟಿನ ಗಿರಣಿಯ ಸಾಲಿನಲ್ಲಿ ವಾರಗಿತ್ತಿಯರಿಬ್ಬರು ನನ್ನ ಮುಂದೆ ನಿಂತಿದ್ದರು. ಕಿರಿಯವಳೇ ಮಾತು ತೆಗೆದಳು.

“ಐದರಲ್ಲಿ ನಾಲ್ಕು ಕೋಳೀನ ಮುಂಗುಸಿ ಹೊತ್ಕೊಂಡು ಹೋಯ್ತಾ, ಅಕ್ಕಾ?”

“ಹೂಂ. ನಿನ್ನವು ಒಂದೂ ಹೋಗ್ಲಿಲ್ವಲ್ಲ! ಅದಕ್ಕೂ ನಮ್ಮನೇನೇ ಬೇಕು.”

“ನಾವು ಗೂಡಿನ ಸುತ್ತ ಒಂದಡಿ ಆಳಕ್ಕೆ ತಂತಿ ಜಾಲರಿ ಹೂತಿದ್ದೀವಿ. ಅದು ನೆಲ ಕೆರೆದೇ ಒಳಗೆ ನುಗ್ಗೋದು.”

“ನಿನ್ನ ಗಂಡ ಅಗೀತಾನಮ್ಮ. ನಮ್ಮನೆಯವರು ಬಾಗಿಲಿಗೊಂದು ಕಲ್ಲು ಒರಗಿಸಿ ಗೊರಕೆ ಹೊಡೆದ್ರು.”

“ಭಾನುವಾರ ಇವರನ್ನ ಕಳಿಸ್ಲಾ?”

“ಬೇಡ. ಆಮೇಲೆ ಅತ್ತೆ ವರ್ಷವಿಡೀ ಅವನನ್ನೇ ಹೊಗಳ್ತಾರೆ.”

ಸಾಲು ಸ್ವಲ್ಪ ಮುಂದೆ ಸರಿಯಿತು. ಹಿರಿಯವಳು ದನಿ ತಗ್ಗಿಸಿದಳು.

“ಕರಿ ಹೇಂಟೆ ಒಂದೇ ಉಳಿದಿರೋದು. ನಿನ್ನ ಗೂಡಲ್ಲಿ ಇಟ್ಕೋತೀಯಾ?”

“ಇವತ್ತೇ ತನ್ನಿ, ಅಕ್ಕಾ.”

ಗಿರಣಿಯವನು ಕೂಗಿದ. ಹಿರಿಯವಳು ಡಬ್ಬ ಎತ್ತಿಕೊಂಡು ಹೊರಟವಳು ತಿರುಗಿ ಹೇಳಿದಳು:

“ನಿಮ್ಮನೇಲಿ ಅದು ದಿನಾ ಮೊಟ್ಟೆ ಇಟ್ರೆ, ನನ್ನ ಹತ್ರ ಮಾತ್ರ ಹೇಳ್ಬೇಡ.”