ಅಕ್ಕನ ಊರಿನ ಕೋರ್ಟು

ಟೈಪಿಂಗ್ ಅಂಗಡಿಯಲ್ಲಿ ತನ್ನ ಮಗಳ ಅರ್ಜಿ ಹಿಡಿದು ಸರದಿಗೆ ಕಾದಿದ್ದ ಒಬ್ಬ ತಾಯಿಯ ಮುಂದೆ, ಅವಳಿಗೆ ಪರಿಚಯವಿಲ್ಲದ ಅಕ್ಕತಂಗಿಯರಿಬ್ಬರು ನಿಂತಿದ್ದರು. ಇಬ್ಬರೂ ಕೂಡಿ ಹೊಲಿಗೆ ಅಂಗಡಿ ಇಡಲು ಕರಾರುಪತ್ರ ಬರೆಸುತ್ತಿದ್ದರು.

“ಮುಂದೆ ತಕರಾರು ಬಂದ್ರೆ ಯಾವ ಊರಿನ ಕೋರ್ಟು ಅಂತ ಹಾಕ್ಲಿ?” ಎಂದು ಟೈಪಿಸ್ಟ್ ಕೇಳಿದ.

“ನಮ್ಮೂರಿಂದೇ ಹಾಕಿ,” ಎಂದಳು ಅಕ್ಕ.

“ಅಕ್ಕಾ, ಅಂಗಡಿ ಇಡೋದು ಈ ಊರಲ್ಲಿ! ನಿಮ್ಮೂರಿಗೆ ಬಸ್ಸಲ್ಲಿ ಐದು ಗಂಟೆ. ದಾರಿಯುದ್ದಕ್ಕೂ ವಾಂತಿ ಮಾಡ್ಕೊಂಡು ಬಂದು ಜಡ್ಜ್ ಮುಂದೆ ನಿಲ್ಲಬೇಕಾ ನಾನು?”

“ನಿಂಬೆಹಣ್ಣು ಮೂಸ್ಕೊಂಡು ಬಾ.”

“ಕೋರ್ಟಿನ ವಿಷಯದಲ್ಲೂ ನಿಂದೇ ಹಠಾನಾ?”

ಅಕ್ಕ ಕೈಚೀಲದ ಹಿಡಿ ತಿರುಚಿದಳು. “ಹೋದ ಸಲ ಜಗಳ ಆದಾಗ ಮೂರು ವರ್ಷ ನಮ್ಮೂರ ಕಡೆ ತಲೆ ಹಾಕಲಿಲ್ಲ ನೀನು. ಕೋರ್ಟು ಅಲ್ಲಿದ್ರೆ ಬರಲೇಬೇಕಲ್ಲ. ಜಗಳಕ್ಕಾದ್ರೂ ಬಂದ್ರೆ ನಿನ್ನ ಮುಖ ನೋಡ್ತೀನಿ.”

ತಂಗಿ ಮೂಗು ಒರೆಸಿಕೊಂಡಳು.

“ಅಕ್ಕನ ಊರೇ ಹಾಕಿ ಅಣ್ಣಾ.”

“ಬಂದ್ರೆ ಎಲ್ಲಿ ಉಳ್ಕೊತೀಯ?”

“ನಿನ್ನ ಮನೇಲೇ. ಎದುರುಪಾರ್ಟಿ ಅಂತ ಊಟ ಹಾಕದೆ ಬಿಡ್ತೀಯಾ?”

“ಹಾಕ್ತೀನಿ. ಉಪ್ಪು ಮಾತ್ರ ಜಾಸ್ತಿ.”

ಸಹಿ ಮುಗಿಸಿ, ತಂಗಿ ಅಕ್ಕನ ಮೊಣಕೈ ಹಿಡಿದು ಒಂದೊಂದೇ ಮೆಟ್ಟಿಲು ಇಳಿಸಿದಳು. ಅವರು ಬೀದಿಯ ತಿರುವು ದಾಟುವವರೆಗೆ ಅವರನ್ನೇ ನೋಡುತ್ತ ನಿಂತಿದ್ದ ಆ ತಾಯಿಗೆ, ಅವಳ ಸರದಿ ಬಂತೆಂದು ಟೈಪಿಸ್ಟ್ ಎರಡು ಸಲ ಕರೆದದ್ದು ಕೇಳಿಸಲೇ ಇಲ್ಲ.